ಇಟಲಿಯ ಗೋಥಿಕ್ ಚರ್ಚು, ಅರಮನೆಗಳಲ್ಲಿ ಗೋಡೆ ಏಕೆ ಉಳಿದುಕೊಂಡಿತು?

ಪ್ರಶ್ನೆ: ಕೋಡಿಬಾಗದ ನಕ್ಷೆಗಾರ್ತಿ, ಕಾರವಾರ

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ಮನೆ, ಅಂಗಡಿಗಳ ನಕ್ಷೆ ಬರೆದುಕೊಡುವ ಕೆಲಸ ನನ್ನದು. ಬಿಡುವಿದ್ದಾಗ ಯುರೋಪಿನ ಮಧ್ಯಯುಗದ ಕಟ್ಟಡಗಳ ಬಗ್ಗೆ ಓದುತ್ತಿದ್ದೇನೆ. ಓದಿದಷ್ಟೂ ಒಂದು ಗೊಂದಲ ಬೆಳೆಯುತ್ತಿರುವುದರಿಂದ ತಿಳಿದವರಲ್ಲಿ ಕೇಳೋಣವೆಂದು ಬರೆಯುತ್ತಿದ್ದೇನೆ.

ಗೋಥಿಕ್ ಶೈಲಿಯೆಂದರೆ ಚೂಪುಗಮಾನು, ಕಲ್ಲಿನ ಪಕ್ಕೆಲುಬುಗಳ ಮೇಲೆ ನಿಂತ ಕಮಾನು ಚಾವಣಿ, ಆ ಚಾವಣಿ ಪಕ್ಕಕ್ಕೆ ತಳ್ಳುವ ಒತ್ತಡವನ್ನು ಹೊರಗಿನಿಂದ ಕೈಚಾಚಿ ತಡೆಯುವ ಆನಿಕೆ ಕಮಾನುಗಳು, ಇವೆಲ್ಲದರ ಫಲವಾಗಿ ಗೋಡೆಯೇ ಕರಗಿಹೋಗಿ ಅದರ ಜಾಗದಲ್ಲಿ ಬಣ್ಣದ ಗಾಜು ಬಂದು ಕೂರುವುದು ಎಂದು ಓದಿದ ಪುಸ್ತಕಗಳೆಲ್ಲ ಹೇಳುತ್ತವೆ. ಫ್ರಾನ್ಸಿನ ಶಾರ್ತ್ರ್, ಆಮಿಯೆಂ ಚರ್ಚುಗಳ ಚಿತ್ರಗಳನ್ನು ನೋಡಿದಾಗ ಈ ಮಾತು ಸರಿಯೆನಿಸುತ್ತದೆ. ಆದರೆ ಅದೇ ಪುಸ್ತಕಗಳು ಇಟಲಿಯ ಅಧ್ಯಾಯಕ್ಕೆ ಬಂದು ಫ್ಲಾರೆನ್ಸಿನ ಸಾಂತಾ ಕ್ರೋಚೆ ಚರ್ಚನ್ನು ತೋರಿಸಿದರೆ ಅಲ್ಲಿ ಕಾಣುವುದು ಅಗಲವಾದ ಸಪಾಟು ಗೋಡೆ, ಮೇಲೆ ತೊಲೆಗಳು ಕಾಣುವ ಮರದ ಮಾಡು. ಫ್ಲಾರೆನ್ಸಿನ ಪ್ರಧಾನ ಚರ್ಚಿನ ಒಳಗೆ ಕಮಾನಿನ ಒಂದು ಬುಡದಿಂದ ಇನ್ನೊಂದು ಬುಡಕ್ಕೆ ಕಬ್ಬಿಣದ ಸರಳುಗಳು ಅಡ್ಡಲಾಗಿ ಹಾದುಹೋಗಿವೆ. ಸಿಯೆನಾದ ಪುರಭವನವಂತೂ ಇಟ್ಟಿಗೆಯ ಕೋಟೆಗೆ ಚೂಪು ಕಿಟಕಿ ಕೂಡಿಸಿದಂತಿದೆ.

ನನ್ನ ಪ್ರಶ್ನೆಗಳು ಇವು. ಗೋಡೆ ಇಷ್ಟು ಗಟ್ಟಿಯಾಗಿ ಉಳಿದಿರುವಾಗ ಇವನ್ನು ಗೋಥಿಕ್ ಎಂದು ಕರೆಯುವುದು ಸರಿಯೇ? ಆ ಕಬ್ಬಿಣದ ಸರಳುಗಳು ಮೊದಲೇ ಹಾಕಿದ್ದೋ, ಬಿರುಕು ಬಿಟ್ಟ ಮೇಲೆ ಮಾಡಿದ ದುರಸ್ತಿಯೋ? ಚರ್ಚಿಗೆ ಹುಟ್ಟಿದ ಕಿಟಕಿ, ಕಮಾನುಗಳು ಅರಮನೆಗೂ ಪುರಭವನಕ್ಕೂ ಏಕೆ ಬಂದವು? ನಮ್ಮ ಕರಾವಳಿಯ ಹಲವು ಚರ್ಚುಗಳಲ್ಲಿಯೂ ದಪ್ಪ ಚಿರೆಕಲ್ಲಿನ ಗೋಡೆಗೆ ಗಾರೆ ಬಳಿದು, ಅದರಲ್ಲಿ ಚೂಪುಗಮಾನಿನ ಕಿಟಕಿ ಬಿಟ್ಟಿರುವುದನ್ನು ದಿನವೂ ನೋಡುವ ನನಗೆ, ಗೋಡೆ ಮತ್ತು ಚೂಪುಗಮಾನಿನ ಈ ಸಂಬಂಧವನ್ನು ಬುಡದಿಂದ ತಿಳಿಯಬೇಕೆಂಬ ಆಸೆಯಿದೆ.

ಉತ್ತರ 1: ಇತಿಹಾಸದ ಮಾಸ್ತರು, ಶಿರಸಿ

ಕಾರವಾರದ ಸೋದರಿಗೆ ನಮಸ್ಕಾರ. ಪ್ರಶ್ನೆಯನ್ನು ಚೆನ್ನಾಗಿ ಕೇಳಿದ್ದೀರಿ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಇಟಲಿಯವರಿಗೆ ಗೋಡೆ ಬೇಕಿತ್ತು. ಅವರು ಗೋಥಿಕ್ ಶೈಲಿಯನ್ನು ಅರ್ಧ ಕಲಿತು ಬಿಟ್ಟವರಲ್ಲ. ತಮಗೆ ಬೇಕಾದುದನ್ನು ತೆಗೆದುಕೊಂಡು ಬೇಡವಾದುದನ್ನು ತಿಳಿದೇ ಬಿಟ್ಟವರು.

ಈ ಶೈಲಿಯನ್ನು ಇಟಲಿಗೆ ತಂದವರಲ್ಲಿ ಸಿಸ್ಟರ್ಸಿಯನ್ ಸನ್ಯಾಸಿಗಳು ಮೊದಲಿಗರು. ಫ್ರಾನ್ಸಿನ ಬರ್ಗಂಡಿಯಲ್ಲಿ ಬೆಳೆದ ಈ ಪಂಥದವರು ರೋಮಿನ ದಕ್ಷಿಣಕ್ಕೆ ಫೊಸ್ಸನೋವಾ ಎಂಬಲ್ಲಿ ಕಟ್ಟಿದ ಮಠದ ಚರ್ಚು 1208ರಲ್ಲಿ ಪ್ರತಿಷ್ಠೆಯಾಯಿತು. ಕಾಸಮಾರಿಯ ಮಠದ ಚರ್ಚು 1217ರಲ್ಲಿ. ಎರಡರಲ್ಲೂ ಚೂಪುಗಮಾನು ಇದೆ, ಅಲಂಕಾರವಿಲ್ಲ. ಅಲ್ಲಿಂದ ಮುಂದೆ ಈ ವಿದ್ಯೆಯನ್ನು ಊರೂರಿಗೆ ಒಯ್ದವರು ಫ್ರಾನ್ಸಿಸ್ಕನ್ ಮತ್ತು ಡೊಮಿನಿಕನ್ ಭಿಕ್ಷು ಪಂಥದವರು. ಅವರದು ಕಾಡಿನ ಮಠವಲ್ಲ, ಪೇಟೆಯ ನಡುವಿನ ಉಪದೇಶ. ನೂರಾರು ಜನ ಒಟ್ಟಿಗೆ ನಿಂತು ಒಬ್ಬ ಉಪದೇಶಕನ ಮಾತು ಕೇಳಬೇಕಾದರೆ ಬೇಕಾಗುವುದು ಅಗಲವಾದ ಒಂದೇ ಸಭಾಂಗಣ. ಹಾಗಾಗಿಯೇ ಇಟಲಿಯ ಈ ಚರ್ಚುಗಳಲ್ಲಿ ಕಂಬಗಳು ಒಂದಕ್ಕೊಂದು ಬಹಳ ದೂರದಲ್ಲಿವೆ, ನಡುವಿನ ಅಂಕಣವೂ ಪಕ್ಕದ ಅಂಕಣಗಳೂ ಒಂದೇ ಕೋಣೆಯಂತೆ ತೆರೆದುಕೊಳ್ಳುತ್ತವೆ. ಫ್ರಾನ್ಸಿನ ಚರ್ಚು ನಮ್ಮ ಕಣ್ಣನ್ನು ಮೇಲಕ್ಕೆ ಎಳೆದರೆ, ಇಟಲಿಯದು ಅಡ್ಡಡ್ಡಲಾಗಿ ಹರಡಿಕೊಳ್ಳುತ್ತದೆ.

ಸಾಂತಾ ಕ್ರೋಚೆಯ ಮರದ ಮಾಡಿಗೆ ಇನ್ನೊಂದು ಕಾರಣವಿದೆ, ಅದು ನಿಯಮಾವಳಿಯದು. 1260ರಲ್ಲಿ ಫ್ರಾನ್ಸಿಸ್ಕನ್ನರ ಮಹಾಸಭೆ ನಾರ್ಬೋನ್ ಎಂಬ ಊರಿನಲ್ಲಿ ಸೇರಿ, ಬೊನಾವೆಂತೂರ ಅವರ ಮುಂದಾಳುತನದಲ್ಲಿ ಕೆಲವು ಕಟ್ಟಳೆಗಳನ್ನು ಮಾಡಿತು. ಬಡತನದ ವ್ರತ ತೊಟ್ಟವರ ಚರ್ಚಿನಲ್ಲಿ ಪ್ರಧಾನ ಪೂಜಾಸ್ಥಾನದ ಮೇಲೆ ಹೊರತು ಬೇರೆಲ್ಲೂ ಕಲ್ಲಿನ ಕಮಾನು ಚಾವಣಿ ಇರಕೂಡದು, ಚಿತ್ರವಿರುವ ಬಣ್ಣದ ಗಾಜು ಪ್ರಧಾನ ಪೀಠದ ಹಿಂದಿನ ಕಿಟಕಿಗೆ ಮಾತ್ರ ಇರಬೇಕು, ಗಂಟೆಗೋಪುರವನ್ನು ದುರ್ಗದ ಬುರುಜಿನಂತೆ ಎಬ್ಬಿಸಕೂಡದು ಎಂಬುದು ಅವುಗಳ ಸಾರ. ಈ ಕಟ್ಟಳೆ ಎಲ್ಲ ಕಡೆಯೂ ಬಿಗಿಯಾಗಿ ನಡೆಯಲಿಲ್ಲ. ಸಾಂತಾ ಕ್ರೋಚೆಯಲ್ಲೇ ಬಣ್ಣದ ಗಾಜು ಸಾಕಷ್ಟಿದೆ. ಆದರೆ 1294ರ ಸುಮಾರಿಗೆ ಆರಂಭವಾದ, ಆರ್ನೋಲ್ಫೊ ದಿ ಕಾಂಬಿಯೊ ಯೋಜಿಸಿದನೆಂದು ನಂಬಲಾದ ಆ ಚರ್ಚಿನ ನಕ್ಷೆಯನ್ನು ಬಿಡಿಸಿ ನೋಡಿ: ಪೀಠದ ಕಡೆಯ ಗುಡಿಗಳಿಗೆ ಪಕ್ಕೆಲುಬಿನ ಕಮಾನು ಚಾವಣಿ, ಜನ ನಿಲ್ಲುವ ಸಭಾಂಗಣಕ್ಕೆ ತೊಲೆಯ ಮಾಡು. ಕಮಾನು ಚಾವಣಿ ಕಟ್ಟಲು ಬಾರದವರು ಹೀಗೆ ಮಾಡುತ್ತಿರಲಿಲ್ಲ, ಬಂದರೂ ಬೇಡವೆಂದವರು ಮಾಡಿದರು.

ಇನ್ನು ಗೋಡೆಯ ಮಾತು. ಅಸಿಸಿಯಲ್ಲಿ ಸಂತ ಫ್ರಾನ್ಸಿಸರ ಸಮಾಧಿಯ ಮೇಲಿನ ಚರ್ಚಿಗೆ 1228ರಲ್ಲಿ ಅಡಿಗಲ್ಲು ಬಿತ್ತು, 1253ರಲ್ಲಿ ಪ್ರತಿಷ್ಠೆಯಾಯಿತು. ಒಂದರ ಮೇಲೊಂದು ಎರಡು ಚರ್ಚುಗಳಿರುವ ಈ ಕಟ್ಟಡದ ಮೇಲಿನ ಅಂತಸ್ತು ಪಕ್ಕೆಲುಬಿನ ಚಾವಣಿಯುಳ್ಳ ಶುದ್ಧ ಗೋಥಿಕ್ ಕೋಣೆ. ಹೊರಗೆ ಆನಿಕೆ ಕಮಾನುಗಳೂ ಇವೆ. ಆದರೂ ಅಲ್ಲಿ ಗೋಡೆಯನ್ನು ಕರಗಿಸಲಿಲ್ಲ. ಆ ಗೋಡೆಯ ಮೇಲೆ ಸಂತನ ಬದುಕಿನ 28 ಪ್ರಸಂಗಗಳನ್ನು ಬರೆಯಲಾಯಿತು. ಉತ್ತರದವರು ಗಾಜಿನಲ್ಲಿ ಹೇಳಿದ ಕಥೆಯನ್ನು ಇಟಲಿಯವರು ಸುಣ್ಣದ ಗಾರೆಯ ಮೇಲೆ ಹೇಳಿದರು. ಹಸಿ ಗಾರೆಯ ಮೇಲಿನ ಈ ಚಿತ್ರಣದ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಚಿತ್ರಕಾರ ಇಡೀ ಗೋಡೆಗೆ ಒಮ್ಮೆಗೇ ಗಾರೆ ಬಳಿಯುವುದಿಲ್ಲ. ಆ ದಿನ ಎಷ್ಟು ಬರೆಯಬಲ್ಲನೋ ಅಷ್ಟಕ್ಕೆ ಮಾತ್ರ ಕೊನೆಯ ನುಣುಪು ಗಾರೆ ಹಾಕಿಸುತ್ತಾನೆ. ನೀರಿನಲ್ಲಿ ಕಲಸಿದ ಬಣ್ಣ ಹಸಿ ಸುಣ್ಣದೊಳಗೆ ಇಳಿಯುತ್ತದೆ, ಸುಣ್ಣ ಗಾಳಿಯಲ್ಲಿ ಗಟ್ಟಿಯಾಗುತ್ತಾ ಬಣ್ಣವನ್ನು ತನ್ನೊಳಗೇ ಹಿಡಿದುಕೊಳ್ಳುತ್ತದೆ. ಮರುದಿನದ ಗಾರೆ ಹಿಂದಿನ ದಿನದ ಅಂಚಿಗೆ ಕೂಡುವಲ್ಲಿ ಕೂದಲೆಳೆಯಂಥ ಒಂದು ಗೆರೆ ಉಳಿಯುತ್ತದೆ. ಪಕ್ಕದಿಂದ ಬೆಳಕು ಬಿಟ್ಟರೆ ಆ ಗೆರೆಗಳನ್ನು ಹಿಡಿದು, ಯಾವ ಮುಖಕ್ಕೆ ಒಂದು ಪೂರ್ತಿ ದಿನ ಹಿಡಿಯಿತು, ಎಷ್ಟು ಆಕಾಶ ಒಂದೇ ದಿನದಲ್ಲಿ ಮುಗಿಯಿತು ಎಂದು ಇಂದಿಗೂ ಓದಬಹುದು. ಇಂಥ ಕಲೆ ಬೆಳೆದ ನಾಡಿನಲ್ಲಿ ಗೋಡೆಯನ್ನು ಬಿಟ್ಟುಕೊಡಿ ಎಂದರೆ ಯಾರು ಬಿಟ್ಟಾರು?

ಬಿಸಿಲಿನ ಕಾರಣವನ್ನೂ ಮರೆಯಬಾರದು. ಮಂಕು ಬೆಳಕಿನ ಉತ್ತರ ಫ್ರಾನ್ಸಿನಲ್ಲಿ ಗಾಜಿನ ಗೋಡೆ ವರವಾದರೆ, ಫ್ಲಾರೆನ್ಸ್, ಸಿಯೆನಾಗಳಿರುವ ಟಸ್ಕನಿ ಪ್ರಾಂತದ ಬೇಸಿಗೆಯಲ್ಲಿ ದಪ್ಪ ಗೋಡೆಯೂ ಕಿರಿದಾದ ಕಿಟಕಿಯೂ ಒಳಗನ್ನು ತಂಪಾಗಿಡುತ್ತವೆ. ಇದನ್ನು ಕರಾವಳಿಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಉತ್ತರ 2: ನಿವೃತ್ತ ಇಂಜಿನಿಯರ್, ಅಂಕೋಲಾ

ಮಾಸ್ತರರು ಹೇಳಿದ ಇತಿಹಾಸವನ್ನು ಒಪ್ಪುತ್ತೇನೆ. ಸೇತುವೆ, ಧಕ್ಕೆಗಳ ಕಾಮಗಾರಿಯಲ್ಲಿ ದುಡಿದವನಾಗಿ ಕಬ್ಬಿಣದ ಸರಳಿನ ಪ್ರಶ್ನೆಗೆ ಮಾತ್ರ ನಾನು ಉತ್ತರಿಸುತ್ತೇನೆ. ಕೊನೆಯಲ್ಲಿ ಅವರ ಒಂದು ಮಾತಿಗೆ ತಕರಾರು ಇದೆ.

ಯಾವುದೇ ಕಮಾನು ತನ್ನ ಭಾರವನ್ನು ಕೆಳಕ್ಕೆ ಮಾತ್ರವಲ್ಲ, ಹೊರಕ್ಕೂ ತಳ್ಳುತ್ತದೆ. ಅರ್ಧವೃತ್ತದ ಕಮಾನಿಗಿಂತ ಚೂಪುಗಮಾನು ಕಡಿಮೆ ತಳ್ಳುತ್ತದೆ, ಆದರೆ ತಳ್ಳದೆ ಇರುವುದಿಲ್ಲ. ಆ ಒತ್ತಡವನ್ನು ತಡೆಯಲು ಎರಡು ದಾರಿಗಳಿವೆ. ಹೊರಗಿನಿಂದ ಒತ್ತಿ ಹಿಡಿಯುವುದು ಒಂದು, ಅದು ಫ್ರೆಂಚರ ಆನಿಕೆ ಕಮಾನು. ಒಳಗಿನಿಂದ ಎಳೆದು ಕಟ್ಟುವುದು ಇನ್ನೊಂದು, ಅದು ಇಟಲಿಯ ಸರಳು. ನಮ್ಮ ಹಂಚಿನ ಮನೆಯಲ್ಲಿ ಪಕಾಸಿಗಳು ಗೋಡೆಯನ್ನು ಹೊರಕ್ಕೆ ನೂಕದಂತೆ ಅಡ್ಡತೊಲೆ ಎರಡು ಗೋಡೆಗಳನ್ನೂ ಹಿಡಿದುಕೊಂಡಿರುತ್ತದಲ್ಲ, ಆ ಸರಳಿನ ಕೆಲಸವೂ ಅಷ್ಟೇ. ಕಲ್ಲು ಒತ್ತಡವನ್ನು ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ಎಳೆತಕ್ಕೆ ಕಬ್ಬಿಣ ಅಥವಾ ಮರ ಬೇಕು. ಕೆಲವು ಕಟ್ಟಡಗಳಲ್ಲಿ ಬಿರುಕು ಕಂಡ ಮೇಲೆ ಸರಳು ಹಾಕಿದ್ದುಂಟು. ಆದರೆ ಇಟಲಿಯ ಬಹಳಷ್ಟು ಕಡೆ ಅವನ್ನು ಕಟ್ಟುವಾಗಲೇ ಲೆಕ್ಕಕ್ಕೆ ಹಿಡಿದು ಹಾಕಿದ್ದಾರೆ, ಮುಚ್ಚಿಡುವ ಪ್ರಯತ್ನವನ್ನೂ ಮಾಡಿಲ್ಲ.

ಈ ಎರಡು ದಾರಿಗಳು ಮುಖಾಮುಖಿಯಾದ ಒಂದು ಪ್ರಸಂಗ ಮಿಲಾನಿನ ದಾಖಲೆಗಳಲ್ಲಿ ಉಳಿದಿದೆ. ನನಗೆ ಗೊತ್ತಿರುವ ಮಟ್ಟಿಗೆ ಮಧ್ಯಯುಗದ ಕಟ್ಟಡ ಕೆಲಸದ ಬಗ್ಗೆ ಇಷ್ಟು ಸ್ಪಷ್ಟವಾದ ವಾದ ಬೇರೆ ಇಲ್ಲ. ಮಿಲಾನಿನ ಪ್ರಧಾನ ಚರ್ಚು 1386ರಲ್ಲಿ ಆರಂಭವಾಯಿತು. ಇಟ್ಟಿಗೆಯಲ್ಲಿ ಕಟ್ಟಬೇಕೆಂದಿದ್ದವರು, ಊರಿನ ಒಡೆಯ ಜಿಯಾನ್ ಗಲೆಯಾಝೊ ವಿಸ್ಕೊಂತಿ ಕಾಂದೋಲ್ಯಾದ ಗಣಿಯನ್ನು ಬಿಟ್ಟುಕೊಟ್ಟ ಮೇಲೆ ಅಮೃತಶಿಲೆಗೆ ತಿರುಗಿದರು. ಆಲ್ಪ್ಸ್ ತಪ್ಪಲಿನ ಆ ಗಣಿಯಿಂದ ಕಲ್ಲು ತೋಚೆ ನದಿ, ಮಾಜ್ಜೋರೆ ಸರೋವರ, ತಿಚೀನೊ ನದಿ, ಅಲ್ಲಿಂದ ದೊಡ್ಡ ಕಾಲುವೆ ಹೀಗೆ ಇಡೀ ದಾರಿ ನೀರಿನ ಮೇಲೆಯೇ ಬಂದು ಊರಿನೊಳಗೆ ಇಳಿಯುತ್ತಿತ್ತು. ಚರ್ಚಿನ ಕೆಲಸದ ಕಲ್ಲಿಗೆ ಸುಂಕವಿರಲಿಲ್ಲ.

ಇಷ್ಟು ದೊಡ್ಡ ಕಟ್ಟಡಕ್ಕೆ ಎತ್ತರ ಎಷ್ಟಿರಬೇಕು ಎಂಬುದರಲ್ಲೇ ಜಗಳ ಹುಟ್ಟಿತು. 1391ರಲ್ಲಿ ಪಿಯಾಚೆಂಝಾದಿಂದ ಗಾಬ್ರಿಯೆಲೆ ಸ್ತೊರ್ನಾಲೊಕೊ ಎಂಬ ಗಣಿತಜ್ಞನನ್ನು ಕರೆಸಿ, ಸಮಬಾಹು ತ್ರಿಕೋನದ ಮೇಲೆ ಎತ್ತರಗಳನ್ನು ಲೆಕ್ಕ ಹಾಕಿಸಿದರು. ಜರ್ಮನಿಯ ಹೈನ್ರಿಶ್ ಪಾರ್ಲರ್ ಬಂದು ಬೇರೆ ಸಲಹೆ ಕೊಟ್ಟ. 1392ರ ಸಭೆಯಲ್ಲಿ ಅದು ತಿರಸ್ಕೃತವಾಯಿತು. 1399ರಲ್ಲಿ ಪ್ಯಾರಿಸಿನಿಂದ ಬಂದ ಜ್ಯಾಂ ಮಿಞೋ ತಪ್ಪುಗಳ ಉದ್ದವಾದ ಪಟ್ಟಿಯನ್ನೇ ಮುಂದಿಟ್ಟು, ಆನಿಕೆಗಳು ಸಾಲವು, ಹೀಗೇ ಕಟ್ಟಿದರೆ ಬೀಳುತ್ತದೆ ಎಂದ. ಸ್ಥಳೀಯ ಕಸುಬುದಾರರು ಚೂಪುಗಮಾನು ಆನಿಕೆಗಳನ್ನು ತಳ್ಳುವುದಿಲ್ಲವೆಂದೂ, ಕಂಬಗಳ ಬೋದಿಗೆಗಳ ಮೇಲೆ ಕಬ್ಬಿಣದ ಸರಳುಗಳನ್ನು ಹಾಕುವುದಾಗಿಯೂ ಉತ್ತರಿಸಿದರು. ಶಾಸ್ತ್ರ ಬೇರೆ, ಕಸುಬು ಬೇರೆ ಎಂದು ಅವರೆಂದರೆ, ಶಾಸ್ತ್ರವಿಲ್ಲದ ಕಸುಬು ಶೂನ್ಯ ಎಂದು ಮಿಞೋ ಹೇಳಿದ. 1401ರಲ್ಲಿ ಅವನನ್ನು ಕೆಲಸದಿಂದ ಬಿಡಿಸಿದರು.

ಇಂಜಿನಿಯರನ ದೃಷ್ಟಿಯಲ್ಲಿ ಇಬ್ಬರೂ ಅರ್ಧರ್ಧ ಸರಿ. ಚೂಪುಗಮಾನು ತಳ್ಳುವುದಿಲ್ಲವೆಂಬುದು ಶುದ್ಧ ತಪ್ಪು. ಅಷ್ಟರ ಮಟ್ಟಿಗೆ ಮಿಞೋ ಸರಿ. ಆದರೆ ಸರಳು ಎಳೆತವನ್ನು ಹಿಡಿಯಬಲ್ಲದೆಂಬ ಮಿಲಾನಿನವರ ಅನುಭವವೂ ಸರಿಯೇ. ಸುಮಾರು 45 ಮೀಟರ್ ಎತ್ತರದ ನಡುವಿನ ಚಾವಣಿ ಇಂದಿಗೂ ನಿಂತಿದೆ, ಸರಳುಗಳೂ ಕಣ್ಣಿಗೆ ಕಾಣುವಂತೆ ಅಲ್ಲಿಯೇ ಇವೆ. ಹೊರಗಿನ ಆನಿಕೆಯನ್ನೇ ನಂಬಿದ ಫ್ರಾನ್ಸಿನ ಬೊವೆ ಚರ್ಚಿನಲ್ಲಿ ಚಾವಣಿಯ ಒಂದು ಭಾಗ 1284ರಲ್ಲಿ ಕುಸಿದದ್ದನ್ನೂ ಇಲ್ಲಿ ನೆನೆಯಬೇಕು.

ಈಗ ತಕರಾರು. ಇಟಲಿಯವರು ಎಲ್ಲವನ್ನೂ ತಿಳಿದೇ ಬಿಟ್ಟರು ಎಂಬ ಮಾಸ್ತರರ ಮಾತು ಸ್ವಲ್ಪ ಹೆಚ್ಚಾಯಿತು. ಸಿಯೆನಾದವರು ಇದ್ದ ಪ್ರಧಾನ ಚರ್ಚನ್ನೇ ಅಡ್ಡ ತೋಳಾಗಿ ಮಾಡಿಕೊಂಡು ಅದಕ್ಕಿಂತ ದೊಡ್ಡದಾದ ಹೊಸ ಸಭಾಂಗಣವನ್ನು ಕೂಡಿಸಲು 1339ರಲ್ಲಿ ತೀರ್ಮಾನಿಸಿದರು. ಕಟ್ಟುತ್ತಿದ್ದಂತೆಯೇ ಕಂಬಗಳು ಭಾರ ತಾಳದ ಲಕ್ಷಣ ಕಾಣಿಸಿ, 1357ರಲ್ಲಿ ಅಪಾಯಕಾರಿ ಭಾಗಗಳನ್ನು ಕೆಡವಬೇಕಾಯಿತು. ಬರಿಯ ಅಭಿರುಚಿಯ ಆಯ್ಕೆಯೆಂದು ಎಲ್ಲವನ್ನೂ ವಿವರಿಸಿದರೆ ಇಂಥ ಸೋಲುಗಳು ಕಾಣದೇ ಹೋಗುತ್ತವೆ.

ಉತ್ತರ 3: ಹಡಗಿನ ನೌಕರ, ಹೊನ್ನಾವರ

ಹಡಗಿನ ಕೆಲಸದ ನಡುವೆ ವೆನಿಸ್ ನಗರವನ್ನು ಹಲವು ಸಲ ನೋಡುವ ಅವಕಾಶ ನನಗೆ ಸಿಕ್ಕಿತ್ತು. ಅಲ್ಲಿಯ ಕಟ್ಟಡಗಳ ಬಗ್ಗೆ ಅಂದಿನಿಂದಲೂ ಓದುತ್ತಲೇ ಇದ್ದೇನೆ. ಅರಮನೆಗಳ ಪ್ರಶ್ನೆಗೆ ವೆನಿಸ್ ಬಿಟ್ಟು ಉತ್ತರ ಹೇಳಲಾಗದು.

ಅಲ್ಲಿ ನೆಲವೇ ಕೆಸರು. ಗಟ್ಟಿ ಜೇಡಿಯ ಪದರ ಸಿಗುವವರೆಗೆ ಮರದ ಗೂಟಗಳನ್ನು ಒತ್ತೊತ್ತಾಗಿ ಹೊಡೆದು, ಮೇಲೆ ಹಲಗೆ ಹಾಸಿ, ಅದರ ಮೇಲೆ ಇಸ್ತ್ರಿಯಾ ಪ್ರಾಂತದ ಬಿಳಿ ಸುಣ್ಣಕಲ್ಲನ್ನು ಕೂರಿಸುತ್ತಾರೆ. ಗಾಳಿಯಾಡದ ಕೆಸರಿನಲ್ಲಿ ಮರ ಬೇಗ ಕೊಳೆಯುವುದಿಲ್ಲ. ಆ ಕಲ್ಲು ಎಷ್ಟು ಬಿಗಿಯೆಂದರೆ ಉಪ್ಪುನೀರು ಅದರ ಮೂಲಕ ಮೇಲಕ್ಕೆ ಏರುವುದು ಬಹಳ ಕಷ್ಟ; ಅದಿಲ್ಲದಿದ್ದರೆ ಇಟ್ಟಿಗೆ ಗೋಡೆ ಉಪ್ಪು ಹಿಡಿದು ಉದುರುತ್ತಿತ್ತು. ಇಂಥ ನೆಲದ ಮೇಲೆ ಭಾರ ಕಡಿಮೆಯಿರಬೇಕು, ಕಟ್ಟಡ ಅಲ್ಪಸ್ವಲ್ಪ ಅಲುಗಿದರೂ ಬಿರಿಯಬಾರದು. ಆದ್ದರಿಂದ ಅಲ್ಲಿ ಭಾರಿ ಕಲ್ಲಿನ ಚಾವಣಿಯೂ ಆನಿಕೆ ಕಮಾನೂ ಒಗ್ಗಲಿಲ್ಲ. ಫ್ರಾನ್ಸಿಸ್ಕನ್ನರ ಫ್ರಾರಿ ಚರ್ಚು ಇಟ್ಟಿಗೆಯದು. ಅದರೊಳಗೆ ಇಂಜಿನಿಯರ್ ಸಾಹೇಬರು ಹೇಳಿದ ಕಬ್ಬಿಣದ ಸರಳಿನ ಜಾಗದಲ್ಲಿ ದಪ್ಪ ಮರದ ತೊಲೆಗಳು ಕಂಬದಿಂದ ಕಂಬಕ್ಕೆ ಉದ್ದಕ್ಕೂ ಅಡ್ಡಕ್ಕೂ ಹಾದುಹೋಗಿವೆ. 15ನೆಯ ಶತಮಾನದ ಮೊದಲರ್ಧದಲ್ಲಿ ಪೂರ್ಣಗೊಂಡ ಆ ಚರ್ಚಿನ ಒಳಗೆ ಕಣ್ಣು ಮೊದಲು ಹೋಗುವುದೇ ಆ ತೊಲೆಗಳ ಮೇಲೆ. ಸಾಂತೊ ಸ್ತೆಫಾನೊ ಚರ್ಚಿನಲ್ಲಂತೂ ಮರದ ಮಾಡು ಮಗುಚಿ ಹಾಕಿದ ಹಡಗಿನ ಒಡಲಿನ ಆಕಾರದಲ್ಲೇ ಇದೆ. ಹಡಗು ಕಟ್ಟುವ ಬಡಗಿಗಳು ತುಂಬಿದ್ದ ಊರಿನಲ್ಲಿ ಅದು ಸಹಜವೇ.

ಈಗ ಅರಮನೆ. ವೆನಿಸಿನ ವರ್ತಕನ ಮನೆ ಒಂದೇ ಕಾಲಕ್ಕೆ ವಾಸದ ಮನೆ, ಕಚೇರಿ, ಉಗ್ರಾಣ. ಕೆಳಗಿನ ಅಂತಸ್ತಿನಲ್ಲಿ ಕಾಲುವೆಗೆ ತೆರೆದ ನೀರುಬಾಗಿಲು. ದೋಣಿಯಿಂದ ಸರಕು ಅಲ್ಲೇ ಇಳಿದು ಅಲ್ಲೇ ದಾಸ್ತಾನಾಗುತ್ತದೆ. ಮೇಲಿನ ಅಂತಸ್ತಿನಲ್ಲಿ ಮನೆಯ ಮುಂಭಾಗದಿಂದ ಹಿಂಭಾಗದವರೆಗೆ ಉದ್ದನೆಯ ಒಂದು ನಡುಪಡಸಾಲೆ, ಅದರ ಎರಡೂ ಪಕ್ಕಕ್ಕೆ ಕೋಣೆಗಳು. ನಕ್ಷೆ ಬರೆಯುವ ತಾವು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು: ಭಾರ ಹೊರುವ ಗೋಡೆಗಳೆಲ್ಲ ಕಾಲುವೆಗೆ ಲಂಬವಾಗಿ, ಹಿಂದಕ್ಕೆ ಓಡುತ್ತವೆ. ನೆಲದ ಜಂತಿಗಳು ಆ ಗೋಡೆಗಳ ಮೇಲೆ ಕೂರುತ್ತವೆಯೇ ಹೊರತು ಮುಂಭಾಗದ ಗೋಡೆಯ ಮೇಲಲ್ಲ. ಹೀಗೆ ಮುಂಭಾಗಕ್ಕೆ ಭಾರ ತಪ್ಪಿದ್ದರಿಂದ ಅದನ್ನು ಮನಬಂದಷ್ಟು ತೆರೆಯಲು ಸಾಧ್ಯವಾಯಿತು. ನಡುಪಡಸಾಲೆಗೆ ಬೆಳಕು ಬರುವುದೂ ಅಲ್ಲಿಂದಲೇ. ಗ್ರ್ಯಾಂಡ್ ಕೆನಾಲಿನ ದಂಡೆಯ ಕಾ ದೋರೊ ಮನೆಯ ಎದುರು ನಿಂತಾಗ ಕಾಣುವ ಕಲ್ಲಿನ ಹೆಣಿಗೆಯ ಗುಟ್ಟು ಇದು. ಮರೀನ್ ಕೊಂತರೀನಿ ಎಂಬ ಶ್ರೀಮಂತ 1421ರಿಂದ ಸುಮಾರು ಎರಡು ದಶಕ ಕಟ್ಟಿಸಿದ ಆ ಮನೆಗೆ ಜೊವಾನ್ನಿ ಬೋನ್, ಅವನ ಮಗ ಬಾರ್ತೊಲೊಮೆಯೊ, ಮಿಲಾನಿನ ಮತ್ತೆಯೊ ರವೆರ್ತಿ ಮೊದಲಾದವರು ಕಲ್ಲು ಕೆತ್ತಿದರು. 1431ರಲ್ಲಿ ಒಬ್ಬ ಫ್ರೆಂಚ್ ಚಿತ್ರಕಾರನಿಗೆ ಮುಂಭಾಗಕ್ಕೆ ಬಣ್ಣ ಹಚ್ಚುವ ಕೆಲಸ ವಹಿಸಿ, ಶಿಖರದ ಗುಂಡುಗಳಿಗೆ ಚಿನ್ನದ ರೇಕು, ಕೆತ್ತನೆಯ ಹಿನ್ನೆಲೆಗೆ ಅತ್ಯುತ್ತಮ ನೀಲಿ, ಬಿಳಿ ಕಲ್ಲಿಗೆ ಸೀಸದ ಬಿಳುಪು, ಕೆಂಪು ಕಲ್ಲಿಗೆ ಎಣ್ಣೆ ಎಂದು ವಿವರವಾಗಿ ಬರೆಸಿಕೊಂಡದ್ದು ದಾಖಲೆಯಲ್ಲಿದೆ. ಇಂದು ಆ ಬಣ್ಣ ಉಳಿದಿಲ್ಲ.

ವೆನಿಸ್ ಗಣರಾಜ್ಯದ ಚುನಾಯಿತ ಮುಖ್ಯಸ್ಥನಾದ ಡೋಜೆಯ ಅರಮನೆಯದು ಇನ್ನೂ ಧೈರ್ಯದ ಕೆಲಸ. ಮಹಾಮಂಡಳಿಗೆ ಹೊಸ ಸಭಾಂಗಣ ಬೇಕೆಂದು 1340ರಲ್ಲಿ ನೀರಿನ ಕಡೆಯ ಭಾಗವನ್ನು ಆರಂಭಿಸಿದರು. ಚೌಕದ ಕಡೆಯ ಭಾಗ 1424ರಿಂದ ಬೆಳೆಯಿತು. ಸುಮಾರು 53 ಮೀಟರ್ ಉದ್ದ, 25 ಮೀಟರ್ ಅಗಲದ, ನಡುವೆ ಒಂದೂ ಕಂಬವಿಲ್ಲದ ಸಭಾಂಗಣ ಮೇಲಿನ ಅಂತಸ್ತಿನಲ್ಲಿದೆ. ಅದರ ಗೋಡೆಯೇ ನಮಗೆ ಹೊರಗಿನಿಂದ ಕಾಣುವ, ಬಿಳಿ ಮತ್ತು ನಸುಗೆಂಪು ಕಲ್ಲುಗಳ ಚೌಕುಳಿ ವಿನ್ಯಾಸದ ಅಗಲವಾದ ಮುಖ. ಆ ಘನವಾದ ಗೋಡೆಯ ಕೆಳಗೆ ಎರಡು ಅಂತಸ್ತು ಪೂರ್ತಿ ಕಮಾನಿನ ಸಾಲುಗಳು. ಮೇಲಿನ ಸಾಲಿನಲ್ಲಿ ಕೆಳಗಿನದಕ್ಕಿಂತ ಎರಡು ಪಟ್ಟು ಕಂಬಗಳು. ಅಲ್ಲಿಯ ಕಲ್ಲಿನ ಜಾಲರಿಯನ್ನು ಹತ್ತಿರದಿಂದ ನೋಡಿ: ನಾಲ್ಕೆಸಳಿನ ದುಂಡು ತೆರಪುಗಳು ಕಮಾನಿನ ಬಾಯೊಳಗೆ ಇಲ್ಲ, ಒಂದು ಕಮಾನಿಗೂ ಮತ್ತೊಂದಕ್ಕೂ ನಡುವೆ, ನೇರ ಕಂಬದ ನೆತ್ತಿಯ ಮೇಲೆ ಇವೆ. ಉತ್ತರದ ಚರ್ಚುಗಳಲ್ಲಿ ಇಂಥ ಜಾಲರಿ ಹೊರುವುದು ಗಾಜನ್ನು ಮಾತ್ರ. ವೆನಿಸಿನಲ್ಲಿ ಅದು ಮೇಲಿನ ಇಡೀ ಗೋಡೆಯನ್ನು ಹೊತ್ತಿದೆ. ಹಾಗಾಗಿಯೇ ಅದರ ಕಲ್ಲು ಅಷ್ಟು ದಪ್ಪ.

ಇದಕ್ಕೆಲ್ಲ ಹಣ ಎಲ್ಲಿಂದ ಬಂತೆಂಬುದು ನಮ್ಮ ಕರಾವಳಿಯವರಿಗೆ ತಿಳಿದಿರಬೇಕು. ಪಶ್ಚಿಮ ಘಟ್ಟದ ತಪ್ಪಲಿನ ಕಾಳುಮೆಣಸನ್ನು ಅರಬ್ಬೀ ಸಮುದ್ರ, ಕೆಂಪು ಸಮುದ್ರ ದಾಟಿಸಿ ಅಲೆಕ್ಸಾಂಡ್ರಿಯಾಕ್ಕೆ ಮುಟ್ಟಿಸುತ್ತಿದ್ದವರು ಪೂರ್ವದ ವರ್ತಕರು. ಅಲ್ಲಿಂದ ಯುರೋಪಿಗೆ ಒಯ್ದು ಮಾರಿದವರಲ್ಲಿ ವೆನಿಸಿನವರೇ ಪ್ರಬಲರು. ಆ ಬಂದರುಗಳ ಒಡನಾಟದಿಂದ ಕಣ್ಣೂ ಬದಲಾಯಿತು. ತುದಿಯಲ್ಲಿ ಒಳಬಾಗಿ ಮತ್ತೆ ಮೇಲಕ್ಕೆ ಚಿಮ್ಮುವ ವೆನಿಸಿನ ಕಮಾನಿನಲ್ಲಿ, ಗೋಡೆಯ ಚೌಕುಳಿ ವಿನ್ಯಾಸದಲ್ಲಿ ಇಸ್ಲಾಮೀ ನಗರಗಳ ನೆನಪಿದೆಯೆಂದು ವಿದ್ವಾಂಸರು ಹೇಳುವುದು ನನಗಂತೂ ಒಪ್ಪಿಗೆಯಾಗಿದೆ.

ಉತ್ತರ 4: ಇತಿಹಾಸದ ಮಾಸ್ತರು, ಶಿರಸಿ

ಹೊನ್ನಾವರದವರು ಬರೆದದ್ದನ್ನು ಎರಡು ಸಲ ಓದಿದೆ. ಅಂಕೋಲೆಯವರ ತಕರಾರಿಗೆ ಇಷ್ಟನ್ನು ಸೇರಿಸುತ್ತೇನೆ: ಸಿಯೆನಾದ ಹೊಸ ಚರ್ಚು ನಿಂತುಹೋದದ್ದಕ್ಕೆ ಕಂಬಗಳ ದೌರ್ಬಲ್ಯದ ಜೊತೆ 1348ರ ಮಹಾಮಾರಿಯೂ ಕಾರಣ. ಪ್ಲೇಗು ಆ ಊರಿನ ಅರ್ಧದಷ್ಟು ಜನರನ್ನಾದರೂ ಒಯ್ದಿತು. ಕಟ್ಟುವ ಕೈಗಳೂ ತೆರಿಗೆ ಕೊಡುವ ಮನೆಗಳೂ ಒಟ್ಟಿಗೇ ಹೋದವು. ಆ ಚರ್ಚಿನ ಎದುರುಗೋಡೆ ಮಾತ್ರ ಹಿಂದೆ ಚಾವಣಿಯಿಲ್ಲದೆ ಇಂದಿಗೂ ನಿಂತಿದೆ.

ಫ್ಲಾರೆನ್ಸ್, ಸಿಯೆನಾಗಳ ಪುರಭವನಗಳು ವೆನಿಸಿನ ಅರಮನೆಗೆ ತೀರ ವಿರುದ್ಧ. ವೆನಿಸಿಗೆ ಸುತ್ತಲಿನ ನೀರೇ ಕೋಟೆ. ಫ್ಲಾರೆನ್ಸಿನಲ್ಲಿ ಶತ್ರು ಊರೊಳಗೇ ಇದ್ದ. ಪಕ್ಷ ಕಟ್ಟಿಕೊಂಡ ಮನೆತನಗಳು ಬೀದಿಯಲ್ಲೇ ಹೊಡೆದಾಡುತ್ತಿದ್ದವು. 1299ರಲ್ಲಿ ಆರಂಭವಾದ ಪಲಾಝೊ ವೆಕ್ಕಿಯೊ ಒರಟು ಕಲ್ಲಿನ ಗೋಡೆ, ಕೋಟೆಗಿರುವಂಥ ತೆನೆಗಳು, 94 ಮೀಟರ್ ಎತ್ತರದ ಗೋಪುರ ಹೊತ್ತು ನಿಂತಿರುವುದು ಅದಕ್ಕಾಗಿಯೇ. ಆ ಒರಟು ಗೋಡೆಯಲ್ಲೂ ಕಿಟಕಿಗಳು ಮಾತ್ರ ನಡುವೆ ಸಣ್ಣ ಕಂಬವಿರುವ ಜೋಡಿ ಕಮಾನಿನವು, ಚರ್ಚಿನ ಕಿಟಕಿಯ ಒಡಹುಟ್ಟಿದವು.

ಕಿಟಕಿ ಚರ್ಚಿನಿಂದ ಊರಿಗೆ ಬಂದದ್ದು ಹೇಗೆ ಎಂಬುದಕ್ಕೆ ಸಿಯೆನಾದ ಶಾಸನದಷ್ಟು ನೇರವಾದ ಸಾಕ್ಷಿ ಬೇರೆ ಬೇಕಿಲ್ಲ. ಅಲ್ಲಿಯ ದೊಡ್ಡ ಚೌಕಕ್ಕೆ ಮುಖ ಮಾಡಿ ಮನೆ ಕಟ್ಟುವವರು ಕಿಟಕಿಗಳನ್ನು ಕಿರುಗಂಬಗಳಿಂದಲೇ ಮಾಡಬೇಕು, ಹೊರಚಾಚಿದ ಮೊಗಸಾಲೆ ಇಡಕೂಡದು ಎಂದು 1297ರಲ್ಲೇ ನಗರ ಕಟ್ಟಳೆ ಮಾಡಿತು. ಪುರಭವನದ ಕಿಟಕಿ ಹೇಗೋ ಪ್ರಜೆಯ ಮನೆಯ ಕಿಟಕಿಯೂ ಹಾಗೇ ಇದ್ದು ಇಡೀ ಚೌಕ ಒಂದೇ ಮಾತಾಡಬೇಕೆಂಬುದು ಆಶಯ. ನಕ್ಷೆಗೆ ಪರವಾನಿಗೆ ಕೊಡುವ ಪದ್ಧತಿಯ ಒಂದು ಹಳೆಯ ರೂಪವಿದು. ಒಂಬತ್ತು ಜನರ ಸಮಿತಿ ಆಳುತ್ತಿದ್ದ ಆ ಪುರಭವನದ ಸಭೆಯ ಕೋಣೆಯಲ್ಲೇ ಅಂಬ್ರೋಜೊ ಲೊರೆಂಝೆತ್ತಿ 1338-39ರಲ್ಲಿ ಒಳ್ಳೆಯ ಆಡಳಿತ, ಕೆಟ್ಟ ಆಡಳಿತಗಳ ಫಲವನ್ನು ಗೋಡೆಯ ಮೇಲೆ ಬರೆದ. ಒಳ್ಳೆಯ ಆಡಳಿತದ ಊರಿನಲ್ಲಿ ಅದೇ ಜೋಡಿ ಕಿಟಕಿಗಳ ಮನೆಗಳಿವೆ, ಒಂದು ಕಟ್ಟಡದ ನೆತ್ತಿಯಲ್ಲಿ ಅಟ್ಟಣಿಗೆಯ ಮೇಲೆ ನಿಂತು ಗೋಡೆ ಕಟ್ಟುತ್ತಿರುವ ಕೆಲಸಗಾರರೂ ಇದ್ದಾರೆ.

ಉತ್ತರ 5: ಭಟ್ಕಳದ ಓದುಗ

ಒಂದು ಚಿಕ್ಕ ಸೇರ್ಪಡೆ. ನಮ್ಮ ಭಟ್ಕಳದ ಕೇತಪಯ್ಯ ನಾರಾಯಣ ದೇವಾಲಯವನ್ನು ನೋಡಿದವರಿಗೆ, ಮಳೆನಾಡಿನ ಇಳಿಜಾರು ಮಾಡನ್ನು ಕಲ್ಲುಚಪ್ಪಡಿಯಲ್ಲೇ ಕಟ್ಟಿ, ಪಕ್ಕದ ಗೋಡೆಯನ್ನು ಮರದ ಜಾಲಂಧ್ರದ ರೀತಿಯಲ್ಲಿ ಕಲ್ಲಿನಲ್ಲೇ ಕಡೆದಿರುವುದು ನೆನಪಿರಬಹುದು. ವಿಜಯನಗರದ ಕಾಲದ ದೇವಾಲಯವೇ ಆದರೂ ಹಂಪಿಯ ನಕಲನ್ನು ಇಲ್ಲಿ ಯಾರೂ ಕಟ್ಟಲಿಲ್ಲ, ಇಲ್ಲಿಯ ಮಳೆ ಕಟ್ಟಲು ಬಿಡುತ್ತಲೂ ಇರಲಿಲ್ಲ. ಆದ್ದರಿಂದ ಫ್ರಾನ್ಸಿನ ಅಳತೆಗೋಲನ್ನು ಹಿಡಿದು ಇಟಲಿಯದು ನಿಜವಾದ ಗೋಥಿಕ್ ಹೌದೋ ಅಲ್ಲವೋ ಎಂದು ಕೇಳುವುದಕ್ಕಿಂತ, ಆ ಊರಿನ ಮಣ್ಣು, ಬಿಸಿಲು, ಆಡಳಿತಗಳು ಆ ಶೈಲಿಯನ್ನು ಏನು ಮಾಡಿದವು ಎಂದು ಕೇಳುವುದೇ ಹೆಚ್ಚು ಫಲ ಕೊಡುತ್ತದೆಂದು ನನಗೆ ತೋರುತ್ತದೆ.

ಪ್ರಶ್ನೆ ಕೇಳಿದವರಿಂದ: ಕೋಡಿಬಾಗದ ನಕ್ಷೆಗಾರ್ತಿ, ಕಾರವಾರ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಭಾರ ಹೊರುವ ಗೋಡೆಗಳು ಕಾಲುವೆಗೆ ಲಂಬವಾಗಿವೆ ಎಂಬ ಒಂದು ವಾಕ್ಯದಿಂದ ಕಾ ದೋರೊ ಮನೆಯ ನಕ್ಷೆ ನನಗೆ ಪೂರ್ತಿ ತೆರೆದುಕೊಂಡಿತು. ನಾರ್ಬೋನಿನ ಕಟ್ಟಳೆಯ ವಿಷಯ ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ನನ್ನ ತಮ್ಮ ಮಿಲಾನಿನಲ್ಲಿ ಕೆಲಸದಲ್ಲಿರುವುದರಿಂದ ಮುಂದಿನ ಚಳಿಗಾಲದಲ್ಲಿ ಅಲ್ಲಿಗೆ ಹೋಗುವ ಯೋಗವಿದೆ. ಮಿಲಾನ್ ಬಿಟ್ಟರೆ ಇನ್ನೊಂದೆರಡು ಊರು ನೋಡುವಷ್ಟೇ ಸಮಯ. ಈ ಚರ್ಚೆಯ ದೃಷ್ಟಿಯಿಂದ ಯಾವುದನ್ನು ನೋಡಲಿ, ಅಲ್ಲಿ ಏನನ್ನು ಗಮನಿಸಲಿ?

ಉತ್ತರ 6: ನಿವೃತ್ತ ಇಂಜಿನಿಯರ್, ಅಂಕೋಲಾ

ತಂಗೀ, ಮಿಲಾನಿನಲ್ಲಿ ಚರ್ಚಿನ ಮಾಡಿನ ಮೇಲೆ ಹತ್ತಲು ಅವಕಾಶವಿದೆ; ಅದನ್ನು ಬಿಡಬೇಡಿ. ಆನಿಕೆ ಕಮಾನುಗಳು ಅಲ್ಲಿ ಕೈಗೆ ಸಿಗುವಷ್ಟು ಹತ್ತಿರ. ಆದರೆ ಮೊದಲು ಒಳಗೆ ಹೋಗಿ ಕಂಬದ ಬೋದಿಗೆಗಳ ಮೇಲಿನ ಸರಳುಗಳನ್ನು ನೋಡಿ, ಆಮೇಲೆ ಮೇಲೆ ಹತ್ತಿ. ಒಳಗಿನ ಎಳೆತ ಮತ್ತು ಹೊರಗಿನ ಒತ್ತು, ಎರಡೂ ದಾರಿಗಳನ್ನು ಒಂದೇ ಕಟ್ಟಡ ಹಿಡಿದಿರುವುದು ಆಗ ಅರ್ಥವಾಗುತ್ತದೆ. ಮುಂಭಾಗದ ಬಹುಪಾಲು ಬಹಳ ತಡವಾಗಿ, ನೆಪೋಲಿಯನ್ನನ ಕಾಲದಲ್ಲಿ ಮುಗಿದದ್ದು. ಅದಕ್ಕೆ ಹೆಚ್ಚು ಹೊತ್ತು ಕೊಡಬೇಕಾಗಿಲ್ಲ. ಹಳೆಯ ಕೆಲಸ ಪೀಠದ ಹಿಂಭಾಗದಲ್ಲಿದೆ.

ಎರಡನೆಯ ಊರು ಬೊಲೋನ್ಯಾ ಆಗಲಿ, ರೈಲಿನ ದಾರಿಯಲ್ಲೇ ಇದೆ. 1390ರಲ್ಲಿ ಆಂತೊನಿಯೊ ದಿ ವಿಂಚೆಂಝೊ ಆರಂಭಿಸಿದ ಸಾನ್ ಪೆತ್ರೋನಿಯೊ ಇಟ್ಟಿಗೆಯ ಬೃಹತ್ ಚರ್ಚು. ಅದರ ಮುಂಭಾಗಕ್ಕೆ ಅಮೃತಶಿಲೆಯ ಹೊದಿಕೆ ಅರ್ಧಕ್ಕೆ ನಿಂತುಹೋಗಿ ಮೇಲಿನ ಇಟ್ಟಿಗೆ ಹಾಗೆಯೇ ಕಾಣುತ್ತದೆ. ಕಲ್ಲನ್ನು ಹಿಡಿಸಲು ಬಿಟ್ಟ ಕಚ್ಚುಗಳನ್ನು ಅಲ್ಲಿ ಎಣಿಸಬಹುದು. ಇಟಲಿಯಲ್ಲಿ ಗೋಡೆ ಮೊದಲು, ಅಲಂಕಾರ ಆಮೇಲೆ ಎಂಬ ಕ್ರಮವನ್ನು ಪುಸ್ತಕಕ್ಕಿಂತ ಅದು ಚೆನ್ನಾಗಿ ಕಲಿಸುತ್ತದೆ. ಮೂರನೆಯದು ವೆನಿಸ್. ಫ್ರಾರಿಯೊಳಗೆ ಬಾಗಿಲ ಹತ್ತಿರವೇ ನಿಂತು ತೊಲೆಗಳ ಜಾಲವನ್ನು ಕಾಗದದ ಮೇಲೆ ಬರೆದುಕೊಳ್ಳಿ. ಡೋಜೆಯ ಅರಮನೆಯಲ್ಲಿ ಎರಡನೆಯ ಅಂತಸ್ತಿನ ಕಮಾನು ಸಾಲಿನೊಳಗೆ ನಡೆದು ಆ ಜಾಲರಿಯ ಕಲ್ಲಿನ ದಪ್ಪವನ್ನು ಪಕ್ಕದಿಂದ ನೋಡಿ. ಒಂದು ಸಣ್ಣ ದುರ್ಬೀನು ಜೊತೆಗಿರಲಿ, ಸರಳುಗಳು ಗೋಡೆಗೆ ಸೇರುವ ಜಾಗ ಬರಿಗಣ್ಣಿಗೆ ಸರಿಯಾಗಿ ಕಾಣುವುದಿಲ್ಲ.